ಓಡಿಹೋದವನಿಗೂ ಒಂದು ಜರ್ಸಿ

ನಾನಿರುವ ಪ್ರಾಗ್‌ನಲ್ಲಿ ನಲವತ್ತು ದಾಟಿದ ಯಾರ ಹತ್ತಿರ ಬೇಕಾದರೂ ನಾಗಾನೊ ಅಂತ ಒಂದು ಮಾತು ಹೇಳಿ ನೋಡಿ. ಕೈಯಲ್ಲಿರುವ ಬಿಯರ್ ಬಿಸಿಯಾದರೂ ಮಾತು ಮುಗಿಯುವುದಿಲ್ಲ. 1998ರ ಚಳಿಗಾಲದ ಒಲಿಂಪಿಕ್ಸ್, ಐಸ್ ಹಾಕಿ ಫೈನಲ್, ಫೆಬ್ರವರಿ 22, ಎದುರಿಗೆ ರಷ್ಯಾ. ಜೆಕ್ ಗಣರಾಜ್ಯ 1-0ಯಲ್ಲಿ ಗೆದ್ದಿತು. ಜಪಾನಿನಲ್ಲಿ ಮಧ್ಯಾಹ್ನ, ಪ್ರಾಗ್‌ನಲ್ಲಿ ಬೆಳಗಿನ ಜಾವ, ಆದರೂ ಹಳೇ ಪೇಟೆಯ ಚೌಕದಲ್ಲಿ ಆ ಚಳಿಯಲ್ಲಿ ಸಾವಿರಾರು ಜನ ದೊಡ್ಡ ಪರದೆ ಮುಂದೆ ನಿಂತಿದ್ದರು. ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್‌ನನ್ನು ಕೋಟೆಗೆ ಕಳಿಸಿ ಅಂತ ಕೂಗಿದರಂತೆ. ಇಲ್ಲಿ ಕೋಟೆ ಅಂದರೆ ರಾಷ್ಟ್ರಾಧ್ಯಕ್ಷರ ಕಚೇರಿ. ಆ ಪಂದ್ಯಾವಳಿ ಮೇಲೆ ಒಪೇರಾ ಕೂಡ ಬಂತು, 2004ರಲ್ಲಿ ಇಲ್ಲಿನ ರಾಷ್ಟ್ರೀಯ ರಂಗಮಂದಿರವೇ ಅದನ್ನು ಆಡಿಸಿತು. ನಮ್ಮ 1983ರ ವಿಶ್ವಕಪ್‌ಗೆ ಯಾರೂ ಯಕ್ಷಗಾನ ಪ್ರಸಂಗ ಬರೆದ ಹಾಗೆ ಕಾಣೆ, ಬರೆದಿದ್ದರೆ ತಿಳಿಸಿ.

ಹಾಶೆಕ್ ಹೆಸರು ಎಲ್ಲರಿಗೂ ಗೊತ್ತು. ನನಗೆ ಕುತೂಹಲ ಇರುವುದು ಆ ಒಂದೇ ಒಂದು ಗೋಲು ಹೊಡೆದವನ ಮೇಲೆ. ಪೆಟ್ರ್ ಸ್ವೊಬೊಡಾ, ಡಿಫೆಂಡರ್. ಗೋಲು ಹೊಡೆಯುವುದು ಅವನ ಕೆಲಸವೇ ಅಲ್ಲ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ 17 ಸೀಸನ್, 1028 ಪಂದ್ಯ ಆಡಿ ಹೊಡೆದ ಗೋಲು 58. ಅಂಥವನು ಕೊನೆಯ ಅವಧಿಯಲ್ಲಿ, ಆಟ ಮುಗಿಯಲು ಹನ್ನೆರಡು ನಿಮಿಷ ಇರುವಾಗ, ದೂರದ ನೀಲಿ ಗೆರೆ ಹತ್ತಿರದಿಂದ ಬೀಸಿ ಹೊಡೆದ. ಪಕ್, ಅಂದರೆ ಚೆಂಡಿನ ಬದಲು ಬಳಸುವ ಬಿಲ್ಲೆ, ಹೋಗಿ ಬಲೆಯೊಳಗೆ ಬಿತ್ತು. ಅಷ್ಟೇ ಕಥೆ. ಆದರೆ ಅವನು ಆ ಜರ್ಸಿಯಲ್ಲಿ ಅಲ್ಲಿ ಯಾಕಿದ್ದ ಅನ್ನುವುದು ಬೇರೆಯೇ ಕಥೆ, ನಾನು ಬರೆಯಲು ಕೂತದ್ದು ಅದರ ಬಗ್ಗೆ.

ಸ್ವೊಬೊಡಾ ಹುಟ್ಟಿದ್ದು 1966ರಲ್ಲಿ, ಮೋಸ್ಟ್ ಅನ್ನುವ ಊರಿನಲ್ಲಿ. ಕಲ್ಲಿದ್ದಲ ಸೀಮೆ. ಅಡಿಯಲ್ಲಿ ಕಲ್ಲಿದ್ದಲು ಇದೆ ಅಂತ ಸರ್ಕಾರ ಹಳೇ ಊರನ್ನೇ ಕೆಡವಿಹಾಕಿತು, ಒಂದು ದೊಡ್ಡ ಚರ್ಚನ್ನು ಮಾತ್ರ 1975ರಲ್ಲಿ ಹಳಿ ಮೇಲೆ ಕೂರಿಸಿ 841 ಮೀಟರ್ ದೂರ ಸಾಗಿಸಿ ಉಳಿಸಿಕೊಂಡರು. ಊರು ಹೋಗಿ ಚರ್ಚ್ ಉಳಿಯಿತು, ಅದೂ ಕಮ್ಯುನಿಸ್ಟರ ಕಾಲದಲ್ಲಿ! ಪಕ್ಕದ ಲಿಟ್ವಿನೊವ್ ರಾಸಾಯನಿಕ ಕಾರ್ಖಾನೆಯ ಊರು, ಅಲ್ಲಿನ ಹಾಕಿ ಕ್ಲಬ್ಬೂ ಕಾರ್ಖಾನೆಯದೇ. ಇವನು ಬೆಳೆದದ್ದು ಆ ಕ್ಲಬ್ಬಿನಲ್ಲಿ.

1984ರಲ್ಲಿ ಯುರೋಪಿನ ಜೂನಿಯರ್ ಪಂದ್ಯಾವಳಿ ಪಶ್ಚಿಮ ಜರ್ಮನಿಯಲ್ಲಿ ನಡೆಯಿತು. ಹುಡುಗನಿಗೆ ಹದಿನೆಂಟು. ತಂಡದ ಜೊತೆ ಹೋದವನು ವಾಪಸ್ ಬರಲಿಲ್ಲ. ಆಗ ಅನುಮತಿ ಇಲ್ಲದೆ ದೇಶ ಬಿಡುವುದೇ ಅಪರಾಧ, ಜೈಲು ಶಿಕ್ಷೆ ಇತ್ತು, ಮನೆಯಲ್ಲಿ ಉಳಿದವರಿಗೂ ಕಷ್ಟ. ಕೆನಡಾದ ಮಾಂಟ್ರಿಯಲ್ ತಂಡದವರು ಅವನನ್ನು ಗುಟ್ಟಾಗಿ ಕರೆಸಿಕೊಂಡಿದ್ದರು. ಜೂನ್‌ನಲ್ಲಿ ಹೊಸ ಆಟಗಾರರನ್ನು ಆರಿಸುವ ದಿನ ಐದನೇ ಹೆಸರಾಗಿ ಅವನನ್ನು ಕೂಗಿದಾಗ, ಆ ಹುಡುಗ ಅದೇ ಕಟ್ಟಡದಲ್ಲಿ ಇದ್ದಾನೆ ಅಂತ ಅಲ್ಲಿದ್ದ ಬೇರೆ ತಂಡದವರಿಗೆ ಆವಾಗಲೇ ಗೊತ್ತಾದದ್ದು. 1986ರಲ್ಲಿ ಮಾಂಟ್ರಿಯಲ್ ಆ ಲೀಗಿನ ಸ್ಟಾನ್ಲಿ ಕಪ್ ಗೆದ್ದಿತು, ಅವನ ಹೆಸರೂ ಆ ಪಟ್ಟಿಯಲ್ಲಿದೆ. ಆಮೇಲೆ ಬಫಲೊ, ಫಿಲಡೆಲ್ಫಿಯಾ, ಕೊನೆಗೆ ಟ್ಯಾಂಪಾ. ಡಿಫೆಂಡರ್‌ಗಳ ಬದುಕೇ ಹಾಗೆ, ಇವನನ್ನು ಕೊಟ್ಟು ಅವನನ್ನು ತಗೊಂಡರು ಅಂತ ಪೇಪರಿನ ಮೂಲೆಯಲ್ಲಿ ಎರಡು ಸಾಲು ಬರುತ್ತದೆ, ಸಾಮಾನು ಕಟ್ಟಬೇಕು.

ಈಗ ಇವಾನ್ ಹ್ಲಿಂಕನನ್ನು ನೋಡಿ. ನಾಗಾನೊದಲ್ಲಿ ಕೋಚ್ ಇವನೇ. ಅದೇ ಲಿಟ್ವಿನೊವ್‌ನ ದೊಡ್ಡ ಆಟಗಾರ. ಅವನೂ ಕೆನಡಾಕ್ಕೆ ಆಡಲು ಹೋಗಿದ್ದ, 1981ರಲ್ಲಿ, ವ್ಯಾಂಕೂವರ್‌ಗೆ. ಆದರೆ ಮೂವತ್ತು ದಾಟುವ ತನಕ ರಾಷ್ಟ್ರೀಯ ತಂಡಕ್ಕೆ ದುಡಿದು, ಸರ್ಕಾರದ ಒಪ್ಪಿಗೆ ಪಡೆದು ಹೋದವನು. ಅಂದರೆ ನೀತಿಯಾಗಿ ನಡೆದುಕೊಂಡವನು ಅಂತ ಆ ಕಾಲದವರು ಹೇಳುತ್ತಿದ್ದರೇನೋ. ಸಾಲಿನಲ್ಲಿ ನಿಂತು ಚೀಟಿ ಪಡೆದವನು, ಗೋಡೆ ಹಾರಿದವನನ್ನು ಕರೆದು ತಂಡಕ್ಕೆ ಹಾಕಿಕೊಂಡ. ಯಾಕೆ? ಚೆನ್ನಾಗಿ ಆಡುತ್ತಿದ್ದ, ಅದಕ್ಕೆ. ಕೋಚ್‌ಗೆ ಒಳ್ಳೆ ಡಿಫೆಂಡರ್ ಬೇಕಿತ್ತು. ಆ ತಂಡದಲ್ಲಿ ಅರ್ಧದಷ್ಟು ಜನ ಸ್ವದೇಶದ ಲೀಗಿನವರು, ಉಳಿದವರು ಎನ್‌ಎಚ್‌ಎಲ್‌ನವರು. ಕ್ಯಾಪ್ಟನ್ ರೂಝಿಚ್ಕ, ಕೆನಡಾ ವಿರುದ್ಧ ಶೂಟೌಟ್‌ನಲ್ಲಿ ಗೋಲು ಹೊಡೆದ ರೈಖೆಲ್, ಇವರೂ ಲಿಟ್ವಿನೊವ್ ಕ್ಲಬ್ಬಿನಲ್ಲೇ ತಯಾರಾದವರು. ಆ ಲೆಕ್ಕದಲ್ಲಿ ಸ್ವೊಬೊಡಾ ವಾಪಸ್ ಬಂದದ್ದು ದೇಶಕ್ಕೆ ಅನ್ನುವುದಕ್ಕಿಂತ ತನ್ನ ಊರಿನವರ ಮಧ್ಯಕ್ಕೆ. ನಾಗಾನೊದಲ್ಲಿ ಇರುವಾಗಲೇ ಅವನಿಗೆ 32 ತುಂಬಿತು. ಊರು ಬಿಟ್ಟು 14 ವರ್ಷ.

ಇಲ್ಲಿನವರು ದೊಡ್ಡ ಮನಸ್ಸಿನವರು, ಬಿಟ್ಟು ಹೋದವರನ್ನೆಲ್ಲ ಹೂ ಹಾಕಿ ಕರೆದರು ಅಂತ ಹೇಳಿದರೆ ಸುಳ್ಳಾಗುತ್ತದೆ. ನನ್ನ ಆಫೀಸಿನ ಹಿರಿಯರೊಬ್ಬರು ಕುಡಿದಾಗ ಮಾತ್ರ ಬಾಯಿ ಬಿಡುತ್ತಾರೆ, ನಾವು ಇಲ್ಲಿ ಬಾಳೆಹಣ್ಣಿಗೆ ಕ್ಯೂ ನಿಂತಿದ್ದಾಗ ಅವರು ಅಲ್ಲಿ ಕಾರು ಓಡಿಸುತ್ತಿದ್ದರು ಅಂತ. 1991ರಲ್ಲಿ ಕಸಿದುಕೊಂಡ ಆಸ್ತಿ ವಾಪಸ್ ಕೊಡುವ ಕಾನೂನು ಬಂದಾಗಲೂ, ಇಲ್ಲೇ ಬಂದು ನೆಲೆಸಿದವರಿಗೆ ಮಾತ್ರ ಕೊಡುತ್ತೇವೆ ಅಂತ ಷರತ್ತು ಇತ್ತು. ಅದನ್ನು ಸಂವಿಧಾನ ನ್ಯಾಯಾಲಯ 1994ರಲ್ಲಿ ಹೊಡೆದುಹಾಕಿತು. ಹೊಟ್ಟೆಕಿಚ್ಚು ಇಲ್ಲೂ ಇದೆ, ಜಾಸ್ತಿಯೇ ಇದೆ. ಆದರೆ ಅದೇ ಹಿರಿಯರು ಸ್ವೊಬೊಡಾ ವಿಷಯ ಬಂದರೆ ನಮ್ಮವನು ಅಂತಲೇ ಹೇಳುತ್ತಾರೆ, ಹೋದವನು ಅನ್ನುವ ಮಾತೇ ಬರುವುದಿಲ್ಲ.

ನಮ್ಮಲ್ಲಿ ಹೇಗೆ? ಹೊರಗೆ ಹೋದವರಿಗೆ ನಾವು ಎರಡೇ ಕುರ್ಚಿ ಇಟ್ಟಿದ್ದೇವೆ. ಒಂದು ಸ್ಟೇಜ್ ಮೇಲೆ, ಇನ್ನೊಂದು ಕಟಕಟೆಯಲ್ಲಿ. ರಾಜ್ಯೋತ್ಸವ ಪ್ರಶಸ್ತಿಯಲ್ಲಿ ಹೊರನಾಡ ಕನ್ನಡಿಗರಿಗೆ ಅಂತಲೇ ವಿಭಾಗ ಇದೆ, ಪೇಟ ಶಾಲು ಎಲ್ಲ ಸಿಗುತ್ತದೆ, ಒಳ್ಳೆಯದೇ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕವೂ ಬರುತ್ತದೆ. ಅದೇ ಜನ ಸಂಜೆ ಹೊತ್ತಿಗೆ, ಸರ್ಕಾರಿ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಓದಿ ಹಾರಿಹೋದವರು ನೀವು, ನಿಮಗೇನು ಗೊತ್ತು ಇಲ್ಲಿನ ಕಷ್ಟ ಅಂತಾರೆ. ನೀನು ಕಲಿತ ಕೆಲಸವನ್ನು ಇಲ್ಲಿಗೂ ಸ್ವಲ್ಪ ಮಾಡಿಕೊಡು ಅಂತ ಕೇಳುವವರು ಮಾತ್ರ ಕಡಿಮೆ. ನಾನು ಒಂದು ಸಾರಿ ಊರಿನ ಕಡೆಯ ಒಂದು ಕಾಲೇಜಿಗೆ, ವರ್ಷಕ್ಕೊಂದಿಷ್ಟು ದಿನ ಬಂದು ಪಾಠ ಮಾಡ್ತೀನಿ, ದುಡ್ಡು ಬೇಡ ಅಂತ ಬರೆದೆ. ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬನ್ನಿ ಅಂತ ಉತ್ತರ ಬಂತು!

ಆಟದಲ್ಲಂತೂ ನಿಯಮವೇ ಗಟ್ಟಿ. ಅಮೆರಿಕದ ಪಾಸ್‌ಪೋರ್ಟ್ ಇದ್ದ ಪ್ರಕಾಶ್ ಅಮೃತರಾಜ್ ಡೇವಿಸ್ ಕಪ್‌ನಲ್ಲಿ ಭಾರತಕ್ಕೆ ಆಡಿದ್ದರು. 2008ರಲ್ಲಿ ಕೇಂದ್ರದ ಕ್ರೀಡಾ ಸಚಿವಾಲಯ, ಭಾರತದ ಪೌರರು ಮಾತ್ರ ಆಡಬೇಕು ಅಂತ ಬಾಗಿಲು ಹಾಕಿತು. ಅದಕ್ಕೇ ನಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್, ತಾಯಿ ಕಡೆಯಿಂದ ಭಾರತದ ಬೇರು ಇದ್ದವನು, 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟನ್ನೇ ಬಿಟ್ಟುಕೊಟ್ಟು ಭಾರತದ ಪೌರನಾಗಬೇಕಾಯಿತು. ಅವನ ಧೈರ್ಯ ದೊಡ್ಡದು. ಆದರೆ ಎಷ್ಟು ಜನ ಹಾಗೆ ಮಾಡಿಯಾರು? ಒಲಿಂಪಿಕ್ಸ್‌ಗೆ ಪೌರತ್ವ ಎಲ್ಲ ದೇಶದವರಿಗೂ ಬೇಕು, ಅದು ಸರಿ. ಜೆಕ್‌ನವರು 2014ರಿಂದ ಎರಡು ಪೌರತ್ವ ಇಟ್ಟುಕೊಳ್ಳಿ ಅಂತ ಕಾನೂನನ್ನೇ ಬದಲಿಸಿದರು. ನಮ್ಮಲ್ಲಿ ಬೇರೆ ದೇಶದ ಪೌರತ್ವ ತಗೊಂಡ ಕ್ಷಣ ಇದು ಹೋಗುತ್ತದೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಸಿಗುತ್ತದೆ. ಓಟು ಹಾಕೋ ಹಾಗಿಲ್ಲ, ಕೃಷಿ ಜಮೀನು ಕೊಳ್ಳೋ ಹಾಗಿಲ್ಲ, ದೇಶಕ್ಕೆ ಆಡೋ ಹಾಗಿಲ್ಲ.

ಒಂದು ಮಾತು ಒಪ್ಪಲೇಬೇಕು. ಸ್ವೊಬೊಡಾ ಜೈಲಿಗೆ ಹೆದರದೆ ಓಡಿದವನು, ನಮ್ಮಂಥವರು ಕೆಂಪೇಗೌಡ ನಿಲ್ದಾಣದಲ್ಲಿ ಮನೆಯವರ ಜೊತೆ ಸೆಲ್ಫಿ ತಗೊಂಡು, ಚಟ್ನಿಪುಡಿ ಕಟ್ಟಿಕೊಂಡು ಬಂದವರು. ಸಂಬಳಕ್ಕೆ ಬಂದದ್ದನ್ನು ವನವಾಸದ ಹಾಗೆ ಹೇಳಿಕೊಂಡು ತಿರುಗುವ ಹೊರನಾಡಿಗರನ್ನು ಕಂಡರೆ ನನಗೂ ಆಗುವುದಿಲ್ಲ. ನಮಗೆ ದೇಶ ಏನೂ ಬಾಕಿ ಇಟ್ಟುಕೊಂಡಿಲ್ಲ. ನಾನು ಕೇಳುತ್ತಿರುವುದು ಹಕ್ಕಿನ ಮಾತಲ್ಲ, ಉಪಯೋಗದ ಮಾತು. ಹ್ಲಿಂಕ ಅವನನ್ನು ಕ್ಷಮಿಸಲು ಕರೆಯಲಿಲ್ಲ, ಸನ್ಮಾನಕ್ಕೂ ಕರೆಯಲಿಲ್ಲ. ಹಿಂದೆ ನಿಂತು ಪಕ್ ತಡೆಯಲು ಕರೆದ.

ಇದು ನಮಗೆ ಗೊತ್ತಿಲ್ಲದ ರೀತಿ ಏನಲ್ಲ. ನಾನು ಕುಶಾಲನಗರದವನು, ನಮ್ಮ ಕಣ್ಣೆದುರೇ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ನೋಡಿ. ಒಂದೊಂದು ಮನೆತನಕ್ಕೆ ಒಂದೊಂದು ತಂಡ, ಈಗ ಮುನ್ನೂರಕ್ಕೂ ಜಾಸ್ತಿ. ಬೆಂಗಳೂರಿನಿಂದ, ದುಬೈನಿಂದ, ಎಲ್ಲಿಂದಲೋ ಬಂದವರು ಬೂಟು ಕಟ್ಟುತ್ತಾರೆ. ಭಾರತಕ್ಕೆ ಆಡಿದವರ ಪಕ್ಕದಲ್ಲಿ ಕಾಲೇಜು ಹುಡುಗಿ, ಹೊಟ್ಟೆ ಬಂದ ಚಿಕ್ಕಪ್ಪ. ಎಲ್ಲಿದ್ದೀಯ, ಯಾವ ಪಾಸ್‌ಪೋರ್ಟ್, ಯಾಕೆ ಹೋದೆ ಅಂತ ಯಾರೂ ಕೇಳುವುದಿಲ್ಲ, ಲೆಫ್ಟ್ ಬ್ಯಾಕ್ ಆಡ್ತೀಯಾ ಅಂತ ಕೇಳ್ತಾರೆ. ಸ್ವೊಬೊಡಾಗೆ ಸಿಕ್ಕಿದ್ದು ಇದೇ ಪ್ರಶ್ನೆ.

ಆಟ ಬಿಟ್ಟ ಮೇಲೆ ಅವನು ಆಟಗಾರರ ಏಜೆಂಟ್ ಆದ, ಯಾರೋಮೀರ್ ಯಾಗರ್‌ನಂಥ ದೊಡ್ಡವರ ವ್ಯವಹಾರ ನೋಡಿಕೊಂಡ. ಯಾಗರ್‌ನನ್ನೂ 1990ರಲ್ಲಿ ಅದೇ ಐದನೇ ಹೆಸರಾಗಿ ಆರಿಸಿದ್ದರು, ಆದರೆ ಅಷ್ಟು ಹೊತ್ತಿಗೆ ಹಳೇ ಸರ್ಕಾರ ಬಿದ್ದಿತ್ತು, ಅಡಗಿ ಕೂರಬೇಕಿರಲಿಲ್ಲ. ಆರೇ ವರ್ಷದ ಅಂತರ! ಇನ್ನು ಆ ಕಾಲೇಜಿನವರು ಈ ವರ್ಷವೂ ಮುಖ್ಯ ಅತಿಥಿಯಾಗಿ ಬನ್ನಿ ಅಂತ ಮೇಲ್ ಕಳಿಸಿದ್ದಾರೆ. ಬರ್ತೀನಿ, ಆದರೆ ಹಿಂದಿನ ದಿನ ಎರಡು ಕ್ಲಾಸ್ ಕೊಡಿ ಅಂತ ಬರೆದಿದ್ದೇನೆ.