‘ಉತ್ತಮ ಸ್ಥಿತಿಯಲ್ಲಿದೆ’ ಎಂದು ಬರೆಯಬೇಡಿ

ಮೈಸೂರಿನ ಕುವೆಂಪುನಗರದ ಮನೆಯನ್ನು ಖಾಲಿ ಮಾಡಿ ಎರಡು ಕೋಣೆಯ ಫ್ಲ್ಯಾಟಿಗೆ ಹೋಗುವುದೆಂದು ನಿಶ್ಚಯವಾದಾಗ, ಅಲ್ಲಿ ಹಿಡಿಸಲಾರದ ಸಾಮಾನುಗಳನ್ನು ಮಾರುವ ಹೊಣೆ ನನ್ನ ಮೇಲೆ ಬಿತ್ತು. ಫ್ರಿಜ್, ಉಕ್ಕಿನ ಬೀರು, ಮಂಚ, ಸ್ಕೂಟರ್, ಆರು ಜನ ಕೂರುವ ಊಟದ ಮೇಜು, ಹೀಗೆ ಪಟ್ಟಿ ಸಣ್ಣದೇನಲ್ಲ. ಮೊದಲ ದಿನ ಆನ್‌ಲೈನಿನಲ್ಲಿ ನಾನು ಹಾಕಿದ ಜಾಹೀರಾತು ಇಷ್ಟೇ: “ಫ್ರಿಜ್ ಮಾರಾಟಕ್ಕಿದೆ. ಉತ್ತಮ ಸ್ಥಿತಿಯಲ್ಲಿದೆ. ಆಸಕ್ತರು ಸಂಪರ್ಕಿಸಿ.” ಒಂಬತ್ತು ದಿನಗಳಲ್ಲಿ “ಇದೆಯಾ ಸಾರ್?” ಎಂದು ಕೇಳಿದವರು, “ಲಾಸ್ಟ್ ಪ್ರೈಸ್ ಎಷ್ಟು?” ಎಂದು ಕೇಳಿದವರು ಬೇಕಾದಷ್ಟು ಜನ ಸಿಕ್ಕರು, ಮನೆಯವರೆಗೆ ಬಂದವರು ಒಬ್ಬರೂ ಇಲ್ಲ.

ಪತ್ರಿಕೆಗಳ ವರ್ಗೀಕೃತ ಜಾಹೀರಾತಿನ ಕಾಲದಲ್ಲಿ ಪದಕ್ಕಿಷ್ಟು, ಸಾಲಿಗಿಷ್ಟು ಎಂದು ದುಡ್ಡು ತೆರಬೇಕಾಗಿದ್ದುದರಿಂದ ಜನ ಒಂದೊಂದು ಪದವನ್ನೂ ತೂಗಿ ಬರೆಯುತ್ತಿದ್ದರು. ಈಗ ಓಎಲ್‌ಎಕ್ಸ್‌ನಲ್ಲಾಗಲಿ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಾಗಲಿ ಎಷ್ಟು ಬೇಕಾದರೂ ಬರೆಯಲು ಜಾಗವಿದೆ, ಆದರೂ ನಾವು ಮೂರು ಸಾಲಿಗೆ ನಿಲ್ಲಿಸುತ್ತೇವೆ. ಆ ಮೂರರಲ್ಲೂ ಕೊಳ್ಳುವವನಿಗೆ ಬೇಕಾದ ಒಂದು ಸಂಗತಿಯೂ ಇರುವುದಿಲ್ಲ. ಕೆಟ್ಟು ನಿಂತ ಮಿಕ್ಸಿಯನ್ನು ಮಾರುವವನು ಕೂಡ ‘ಉತ್ತಮ ಸ್ಥಿತಿ’ ಎಂದೇ ಬರೆಯುವುದರಿಂದ ಆ ಮಾತಿಗೆ ಬೆಲೆ ಉಳಿದಿಲ್ಲ. ಅಸ್ಪಷ್ಟವಾದ ಜಾಹೀರಾತಿಗೆ ಮೊದಲು ಓಗೊಡುವವರು ದಲ್ಲಾಳಿಗಳು ಎಂಬುದನ್ನೂ ಆ ಒಂಬತ್ತು ದಿನಗಳಲ್ಲಿ ಕಂಡುಕೊಂಡೆ, ಏಕೆಂದರೆ ಬರೆದವನಿಗೆ ತನ್ನ ವಸ್ತುವಿನ ವಿವರವೇ ಸರಿಯಾಗಿ ಗೊತ್ತಿಲ್ಲವೆಂದಾದರೆ ಬೆಲೆಯೂ ಗೊತ್ತಿರಲಾರದು ಎಂದು ಅವರು ಲೆಕ್ಕ ಹಾಕುತ್ತಾರೆ.

ಹತ್ತನೆಯ ದಿನ ಜಾಹೀರಾತನ್ನು ತಿದ್ದಿ ಬರೆದೆ: “253 ಲೀಟರ್, ಎರಡು ಬಾಗಿಲಿನ ಫ್ರಿಜ್. 2018ರಲ್ಲಿ ಹೊಸದಾಗಿ ಕೊಂಡದ್ದು, ಬಿಲ್ ಇದೆ. ಫ್ರೀಜರಿನಲ್ಲಿ ಐಸ್ ಸರಿಯಾಗಿ ಕಟ್ಟುತ್ತದೆ. ತರಕಾರಿ ಟ್ರೇ ಸೀಳಿದೆ. ಬಾಗಿಲಿನ ರಬ್ಬರ್ ಕಳೆದ ವರ್ಷ ಬದಲಾಯಿಸಿದ್ದು. ಮೊದಲ ಮಹಡಿ, ಲಿಫ್ಟ್ ಇಲ್ಲ, ಇಳಿಸಲು ಇಬ್ಬರು ಬೇಕು. ನೀವು ಬರುವಾಗ ಓಡುತ್ತಲೇ ಇರುತ್ತದೆ. 7,500 ರೂಪಾಯಿ.” ಹಳೆಯ ಫ್ರಿಜ್ ಕೊಳ್ಳುವವನ ದೊಡ್ಡ ಅಳುಕೆಂದರೆ, ಆಫ್ ಮಾಡಿಟ್ಟದ್ದನ್ನು ತೋರಿಸಿ ಸಾಗಹಾಕುತ್ತಾರೆಂಬುದು, ಆದುದರಿಂದ ಕೊನೆಯ ವಾಕ್ಯದ ಹಿಂದಿನ ವಾಕ್ಯವೇ ಹೆಚ್ಚು ಕೆಲಸ ಮಾಡಿತೆಂದು ನನ್ನ ನಂಬಿಕೆ. ಅದಾದ ಮೂರನೆಯ ದಿನ ಒಂದು ಯುವ ದಂಪತಿ ಟಾಟಾ ಏಸ್ ಗಾಡಿ, ಇಬ್ಬರು ಆಳುಗಳ ಸಮೇತ ಬಂದು, ಟ್ರೇಯನ್ನು ಎಳೆದು ನೋಡಿ, “ನೀವು ಬರೆದ ಹಾಗೇ ಇದೆ ಅಂಕಲ್” ಎಂದು ಕೊಂಡೊಯ್ದರು. ಗಾಡಿಯಲ್ಲಿ ಅಡ್ಡ ಮಲಗಿಸಬೇಡಿ, ಮನೆ ಸೇರಿದ ಮೇಲೆ ಕೆಲವು ಗಂಟೆ ನಿಲ್ಲಿಸಿಟ್ಟು ಅನಂತರ ಆನ್ ಮಾಡಿ ಎಂದು ಹೇಳಿ ಕಳುಹಿಸಿದೆ.

ಕೊರತೆಯನ್ನು ಮೊದಲೇ ಹೇಳಿಕೊಂಡರೆ ಬೆಲೆ ಇಳಿಯುತ್ತದೆಂದು ಅನೇಕರು ವಾದಿಸುತ್ತಾರೆ. ನನ್ನ ಅನುಭವ ಅದಕ್ಕೆ ವಿರುದ್ಧವಾಗಿದೆ. ಬೀರುವಿನ ಒಳಲಾಕರಿನ ಕೀಲಿ ಎಂದೋ ಕಳೆದುಹೋಗಿತ್ತು, ಅದನ್ನು ಹಾಗೆಯೇ ಬರೆದೆ. ನಂಜನಗೂಡಿನಿಂದ ಬಂದ ಹಿರಿಯರೊಬ್ಬರು ಹೊಸ ಕೀಲಿ ಮಾಡಿಸಲು ಎಷ್ಟಾಗುತ್ತದೆಂದು ಅಲ್ಲಿಯೇ ವಿಚಾರಿಸಿಕೊಂಡು ಬಂದಿದ್ದರಂತೆ. ಆ ಖರ್ಚು ಅವರ ಮನಸ್ಸಿನೊಳಗೆ ಆಗಲೇ ಲೆಕ್ಕಕ್ಕೆ ಸೇರಿದ್ದರಿಂದ ಬಾಗಿಲಲ್ಲಿ ಚೌಕಾಸಿಯೇ ನಡೆಯಲಿಲ್ಲ. ಅದೇ ಕೊರತೆ ಅವರ ಕಣ್ಣಿಗೆ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಬಿದ್ದಿದ್ದರೆ, ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂಬ ಶಂಕೆಗೂ ಸೇರಿಸಿ ಬೆಲೆ ಇಳಿಸುತ್ತಿದ್ದರು.

ಹೆಸರಿನ ವಿಷಯವನ್ನೂ ಹೇಳಬೇಕು. ನಾವು ಬೀರು ಎನ್ನುವುದನ್ನು ಕೆಲವರು ಅಲ್ಮೇರಾ ಎನ್ನುತ್ತಾರೆ, ಕೆಲವರು ಕಪಾಟು ಎನ್ನುತ್ತಾರೆ, ಉತ್ತರ ಕರ್ನಾಟಕದವರ ಬಾಯಲ್ಲಿ ಅದೇ ತಿಜೋರಿಯಾಗುವುದೂ ಉಂಟು. ಹುಡುಕುವವನು ತನ್ನ ಮನೆಯ ಪದವನ್ನೇ ಒತ್ತುವುದರಿಂದ ಅಷ್ಟನ್ನೂ ಬರೆಯುವುದು ಒಳ್ಳೆಯದು. ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಬರೆದ ಮೇಲೆಯೇ ನನಗೆ ನಂಜನಗೂಡು, ಹುಣಸೂರಿನ ಕಡೆಯ ಕರೆಗಳು ಬರತೊಡಗಿದವು.

ಫೋಟೋಗಳನ್ನು ಬೆಳಗಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ; ಸೀಳಿದ ಟ್ರೇಗೂ ಒಂದು ಫೋಟೋ ಇರಲಿ, ಲೀಟರು ಮತ್ತು ಮಾಡೆಲ್ ಸಂಖ್ಯೆ ಇರುವ ಸ್ಟಿಕ್ಕರಿಗೂ ಒಂದು ಇರಲಿ. ಬಿಲ್ಲಿನ ಫೋಟೋ ಹಾಕುವುದಾದರೆ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಮರೆಮಾಡಿ. ಮಂಚಕ್ಕೆ ಉದ್ದ, ಅಗಲಗಳ ಜೊತೆಗೆ ಅದನ್ನು ಬಿಚ್ಚಬಹುದೇ ಎಂಬುದನ್ನೂ ತಿಳಿಸಿ, ಏಕೆಂದರೆ ಮಂಚ ಚಂದವಿದ್ದರೂ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡರೆ ವ್ಯಾಪಾರ ಅಲ್ಲಿಗೇ ಮುರಿಯುತ್ತದೆ.

ನಮ್ಮಲ್ಲಿ ಪಂಚಾಂಗಕ್ಕೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೂ ನಂಟಿದೆ. ಆಷಾಢದಲ್ಲಿ ಮನೆ ಬದಲಿಸಲು ಜನ ಹಿಂಜರಿಯುವುದರಿಂದ ಮಂಚ, ಬೀರುಗಳನ್ನು ಕೇಳುವವರು ಕಡಿಮೆ. ಶ್ರಾವಣ ಹುಟ್ಟಿದ ಮೇಲೆ ವಿಚಾರಣೆಗಳು ಹೆಚ್ಚುತ್ತವೆ. ಬೀರುವಿಗೆ ಮುಂಗಡ ಕೊಟ್ಟ ಹಿರಿಯರು ಶನಿವಾರ ಕಬ್ಬಿಣ ಮನೆಗೆ ತರುವುದಿಲ್ಲವೆಂದು ಭಾನುವಾರದವರೆಗೆ ಕಾದರು. ಇಂಥದ್ದನ್ನು ನಾನು ನಂಬುವವನಲ್ಲ. ಆದರೆ ಮಾರುವವನು ನಂಬದವನಾದ ಮಾತ್ರಕ್ಕೆ ಕೊಳ್ಳುವವನು ದಿನ ನೋಡುವುದನ್ನು ಬಿಡುವುದಿಲ್ಲವಲ್ಲ.

ಸ್ಕೂಟರಿನ ಜಾಹೀರಾತಿನಲ್ಲಿ ಅಂದಚಂದದ ವರ್ಣನೆಗಿಂತ ಕಾಗದಪತ್ರದ ಮಾತೇ ಮುಖ್ಯ. ಎಷ್ಟನೆಯ ಮಾಲೀಕರು, ಎಷ್ಟು ಕಿಲೋಮೀಟರ್ ಓಡಿದೆ, ವಿಮೆ ಯಾವ ತಿಂಗಳವರೆಗಿದೆ, ಸಂಚಾರ ದಂಡ ಬಾಕಿ ಇದೆಯೇ, 2019ರ ಏಪ್ರಿಲ್‌ಗೆ ಮುಂಚಿನ ವಾಹನವಾಗಿದ್ದರೆ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿದೆಯೇ ಎಂಬುದನ್ನು ಬರೆದುಬಿಟ್ಟರೆ ಅರ್ಧದಷ್ಟು ಅನಗತ್ಯ ಕರೆಗಳು ತಪ್ಪುತ್ತವೆ. ವರ್ಗಾವಣೆಗೆ ಬೇಕಾದ 29 ಮತ್ತು 30ನೆಯ ಫಾರಂಗಳಿಗೆ ಸಹಿ ಮಾಡಿಕೊಟ್ಟು ಕೈ ತೊಳೆದುಕೊಳ್ಳುವುದಲ್ಲ; ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕೊಂಡವನು ಸಿಗ್ನಲ್ ಹಾರಿದರೂ ನೋಟಿಸು ಬರುವುದು ನಮ್ಮ ವಿಳಾಸಕ್ಕೆ. ಆದಕಾರಣ “ಹೆಸರು ವರ್ಗಾವಣೆ ಕಡ್ಡಾಯ” ಎಂದು ಜಾಹೀರಾತಿನಲ್ಲಿಯೇ ಸೇರಿಸಿದ್ದೆ. ಆ ಸಾಲನ್ನು ಓದಿ ದೂರವಾದವರು ದೂರವಾದದ್ದೇ ಒಳ್ಳೆಯದಾಯಿತು.

ವಸ್ತುವನ್ನು ನೋಡದೆ, ಬೆಲೆಗೆ ಚಕಾರವೆತ್ತದೆ “ಈಗಲೇ ದುಡ್ಡು ಹಾಕುತ್ತೇನೆ” ಎನ್ನುವವನು ಎಲ್ಲ ಜಾಹೀರಾತುಗಳಿಗೂ ಎದುರಾಗುತ್ತಾನೆ. ನನಗೆ ಕರೆ ಮಾಡಿದವನು ತಾನು ಸೈನ್ಯದಲ್ಲಿರುವುದಾಗಿಯೂ ವರ್ಗವಾಗಿ ಮೈಸೂರಿಗೆ ಬರುತ್ತಿರುವುದಾಗಿಯೂ ಹೇಳಿ, ಕ್ಯುಆರ್ ಕೋಡ್ ಒಂದನ್ನು ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನನ್ನ ಖಾತೆಗೆ ಬರುತ್ತದೆಂದ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಒತ್ತುವುದು ಹಣ ಕೊಡುವವರು ಮಾತ್ರ. ಅಕಸ್ಮಾತ್ ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಮಾರಿದ ಕೂಡಲೇ ಜಾಹೀರಾತನ್ನು ತೆಗೆದುಹಾಕುವ ಸೌಜನ್ಯ ನಮ್ಮವರಲ್ಲಿ ಕಡಿಮೆ, ನಾನೂ ಬೀರುವಿನದನ್ನು ಎರಡು ವಾರ ಮರೆತಿದ್ದೆ. ಊಟದ ಮೇಜು ಮಾತ್ರ ಇನ್ನೂ ಹೋಗಿಲ್ಲ. ತೇಗದ ಮರ, ಅಳತೆ, ಒಂದು ಕುರ್ಚಿಯ ಕಾಲು ಅಲುಗಾಡುವುದು, ಎಲ್ಲವನ್ನೂ ಬರೆದಿದ್ದೇನೆ. ಬಂದು ನೋಡಿದ ಇಬ್ಬರೂ ಜಾಹೀರಾತಿನಲ್ಲಿ ತಪ್ಪೇನೂ ಇಲ್ಲ, ಬೆಲೆಯೇ ಜಾಸ್ತಿಯಾಯಿತು ಎಂದರು. ಅದು ನನಗೂ ಗೊತ್ತು.