ಹೆಸರು ಬಸವನಗುಡಿಯಲ್ಲಿ, ನೀರು ಕೆಂಗೇರಿಯಲ್ಲಿ

ಮೈಸೂರಿನಿಂದ ಬೆಂಗಳೂರಿಗೆ ಬರುವ ಬಸ್ಸುಗಳಲ್ಲಿ ಒಂದು ಕಾಲಕ್ಕೆ ‘ಕೆಂಗೇರಿ, ಕೆಂಗೇರಿ’ ಎಂದು ಕಂಡಕ್ಟರ್ ಕೂಗುವ ಅಗತ್ಯವೇ ಇರಲಿಲ್ಲ. ಬಿಡದಿ ದಾಟಿದ ಮೇಲೆ ತೂಕಡಿಸಿದವರೂ ಕಣ್ಣು ಬಿಡುವ ಮೊದಲೇ ಮೂಗು ಮುಚ್ಚಿಕೊಂಡು, ಊರು ಬಂತೆಂದು ಸೀಟಿನಡಿ ಚಪ್ಪಲಿಗೆ ತಡಕಾಡುತ್ತಿದ್ದರು. ಆ ವಾಸನೆಯ ಒಡತಿಗೆ ಜನ ಇಟ್ಟ ಹೆಸರು ‘ಕೆಂಗೇರಿ ಮೋರಿ’. ತಮಾಷೆಗೂ ಆಯಿತು, ಬೈಗುಳಕ್ಕೂ ಆಯಿತು. ಅವಳ ಜಾತಕದಲ್ಲಿ ಬರೆದಿರುವ ಹೆಸರು ಮಾತ್ರ ವೃಷಭಾವತಿ.

ನನ್ನ ಗೆಳೆಯರು ನದಿಯ ಫೋಟೊ ಬೇಕೆಂದರೆ ಹಂಪಿಯ ತುಂಗಭದ್ರೆಗೋ ಶೃಂಗೇರಿಯ ತುಂಗೆಗೋ ಹೋಗುತ್ತಾರೆ. ನನಗೆ ರಜೆಯೂ ಕಡಿಮೆ, ಪೆಟ್ರೋಲಿನ ಮೇಲೆ ಕನಿಕರವೂ ಜಾಸ್ತಿ. ಮೆಟ್ರೋ ಹತ್ತಿದರೆ ಸಿಗುವ ನದಿ ಯಾವುದಿದೆ? 2021ರಲ್ಲಿ ಕೆಂಗೇರಿವರೆಗೆ ನೇರಳೆ ಮಾರ್ಗ ತೆರೆದ ಮೇಲಂತೂ ವೃಷಭಾವತಿಗೆ ಪುಕ್ಕಟೆ ಗ್ಯಾಲರಿ ಸಿಕ್ಕಂತಾಗಿದೆ. ಮೈಸೂರು ರಸ್ತೆ ನಿಲ್ದಾಣ ಬಿಟ್ಟ ಮೇಲೆ ಕಿಟಕಿಯಿಂದ ಕೆಳಗೆ ನೋಡುತ್ತಿದ್ದರೆ ನದಿ ಆಗೊಮ್ಮೆ ಈಗೊಮ್ಮೆ ಇಣುಕುತ್ತದೆ. ಏಸಿ ಬೋಗಿಯಾದ್ದರಿಂದ ವಾಸನೆಯ ಕಾಟವಿಲ್ಲ. ಕಲ್ಲು ಕಟ್ಟಿದ ಎರಡು ಗೋಡೆ, ನಡುವೆ ಹಸಿರು ಕಳೆ, ಒಂದೆರಡು ಬೆಳ್ಳಕ್ಕಿ. ಹೊಸಬರು ‘ಅರೆ, ನದಿ!’ ಎನ್ನುತ್ತಾರೆ. ಪಕ್ಕದ ಹಳಬರು ತಿದ್ದುವುದಿಲ್ಲ, ಸುಮ್ಮನೆ ನಗುತ್ತಾರೆ.

ಕ್ಯಾಮೆರಾಗೆ ಮೂಗಿಲ್ಲ ಎನ್ನುವುದು ಈ ನದಿಯ ಭಾಗ್ಯ. ನಾಯಂಡಹಳ್ಳಿಯ ಹತ್ತಿರ ಸಣ್ಣದೊಂದು ತಡೆಗೋಡೆಯ ಮೇಲಿಂದ ನೀರು ಧುಮುಕುವ ಜಾಗವಿದೆ. ಅಲ್ಲಿ ಏಳುವ ನೊರೆಯನ್ನು ಅರ್ಧ ಸೆಕೆಂಡಿನ ಶಟರ್‌ನಲ್ಲಿ ಹಿಡಿದರೆ ಹಿಮಾಲಯದ ತಪ್ಪಲೆಂದು ಯಾರನ್ನಾದರೂ ನಂಬಿಸಬಹುದು. ಬೆಳಕಿನ ಲೆಕ್ಕ ಮಾತ್ರ ಕಷ್ಟ. ನೀರು ಕಪ್ಪು, ನೊರೆ ಬಿಳುಪು. ಕ್ಯಾಮೆರಾದ ಮೀಟರ್ ಎರಡರ ನಡುವೆ ರಾಜಿ ಮಾಡಿ ನೊರೆಯನ್ನು ಬೂದಿಬಣ್ಣ ಮಾಡಿಬಿಡುತ್ತದೆ. ಬೆಳಕನ್ನು ಒಂದು ಸ್ಟಾಪ್, ಎಂದರೆ ಎರಡರಷ್ಟಕ್ಕೆ, ಏರಿಸಿದರೆ ನೊರೆ ಬೆಳ್ಳಗಾಗುತ್ತದೆ, ಜತೆಗೆ ಅದರೊಳಗೆ ಸಿಕ್ಕಿಕೊಂಡ ಶಾಂಪೂ ಸ್ಯಾಶೆ, ಹಾಲಿನ ಕವರು, ದೇವರ ಪಟದ ಮುರಿದ ಚೌಕಟ್ಟು ಎಲ್ಲವೂ ಸ್ಪಷ್ಟವಾಗುತ್ತವೆ. ಪಟವನ್ನು ಕಸದ ಬುಟ್ಟಿಗೆ ಹಾಕಿದರೆ ಪಾಪ, ನದಿಗೆ ಬಿಟ್ಟರೆ ವಿಸರ್ಜನೆ! ಇನ್ನು ಸಂಜೆ ಐದೂವರೆಯ ಬಿಸಿಲು ಬಿದ್ದರಂತೂ ಆ ಕಪ್ಪುನೀರು ಆಕಾಶವನ್ನು ಎಷ್ಟು ನಿಚ್ಚಳವಾಗಿ ತೋರಿಸುತ್ತದೆಂದರೆ, ತಿಳಿನೀರಿಗೂ ಅಷ್ಟು ಯೋಗ್ಯತೆ ಇರಲಾರದು.

ಟ್ರೈಪಾಡ್ ನಿಲ್ಲಿಸಿದ ಕೂಡಲೇ ಜನ ಸೇರುತ್ತಾರೆ. “ಕಾರ್ಪೊರೇಷನ್ನೋರಾ?” ಎಂಬುದು ಮೊದಲ ಪ್ರಶ್ನೆ. ಅಲ್ಲ ಎಂದರೆ “ಹಂಗಾದ್ರೆ ಟಿವಿಯೋರಾ?” ಅದೂ ಅಲ್ಲ ಎಂದರೆ ಮುಖದಲ್ಲಿ ಅನುಮಾನ. ನದಿಯ ಫೋಟೊ ತೆಗೀತಿದೀನಿ ಎಂದದ್ದಕ್ಕೆ ಒಬ್ಬ ಹಿರಿಯರು ಬಗ್ಗಿ ನನ್ನ ಲೆನ್ಸ್ ಎತ್ತ ತಿರುಗಿದೆಯೆಂದು ನೋಡಿ, “ಎಲ್ಲಿದೆ ನದಿ?” ಎಂದು ಕೇಳಿದರು. ವ್ಯಂಗ್ಯವೇನೂ ಇರಲಿಲ್ಲ. ಹಾಗೆ ನೋಡಿದರೆ ಕಾಗದಪತ್ರದಲ್ಲೂ ಅವಳು ರಾಜಕಾಲುವೆ. ಒಳಚರಂಡಿ ಎಂಜಿನಿಯರುಗಳ ಬಾಯಲ್ಲಿ ‘ವಿ ವ್ಯಾಲಿ’. ವೃಷಭಾವತಿ ಎಂಬ ಇಡೀ ಹೆಸರು ಒಂದೇ ಅಕ್ಷರಕ್ಕೆ ಇಳಿದು ಶುದ್ಧೀಕರಣ ಘಟಕದ ಕಡತ ಸೇರಿದೆ.

ಇಡೀ ಹೆಸರು ಬೇಕೆಂದರೆ ಬಸವನಗುಡಿಗೇ ಹೋಗಬೇಕು. ಕಹಳೆ ಬಂಡೆಯ ಮಗ್ಗುಲಲ್ಲಿ ದೊಡ್ಡಬಸವಣ್ಣ ಕೂತಿದ್ದಾನೆ. ಕೆಂಪೇಗೌಡರ ಕಾಲದ ಗುಡಿ, ಒಂದೇ ಕಲ್ಲಿನ ಬಸವ, ಎಣ್ಣೆ ಕುಡಿದು ಕುಡಿದು ಮಿರಿಮಿರಿ ಕಪ್ಪು. ಅವನ ಪಾದದಡಿಯಲ್ಲೇ ವೃಷಭಾವತಿ ಹುಟ್ಟುತ್ತಾಳೆ ಎಂಬುದು ಸ್ಥಳದ ನಂಬಿಕೆ. ಪೀಠದ ಬರಹವೂ ಅದನ್ನೇ ಹೇಳುತ್ತದೆ. ವೃಷಭನ ಕಾಲಡಿ ಹುಟ್ಟಿದವಳು ವೃಷಭಾವತಿ, ಲೆಕ್ಕ ಸರಿಯಾಯಿತು. ಮಲ್ಲೇಶ್ವರದವರು ಮಾತ್ರ ಒಪ್ಪುವುದಿಲ್ಲ. ಕಾಡುಮಲ್ಲೇಶ್ವರನ ಎದುರಿಗೆ ನಂದಿತೀರ್ಥವಿದೆ. ಮಣ್ಣಿನಡಿ ಹೂತುಹೋಗಿದ್ದು 1997ರ ಸುಮಾರಿಗೆ ಅಗೆದಾಗ ಹೊರಬಂತು. ಅಲ್ಲಿ ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಇಳಿಯುತ್ತದೆ. ನದಿಯ ಮೂಲ ಅದೇ ಎನ್ನುವುದು ಅವರ ವಾದ. ಬೆಂಗಳೂರಿನಲ್ಲಿ ಮಸಾಲೆ ದೋಸೆಯ ಬಗ್ಗೆ ಬಸವನಗುಡಿ-ಮಲ್ಲೇಶ್ವರಗಳಿಗೆ ಇರುವ ಜಗಳವೇ ನದಿಯ ಬಗ್ಗೆಯೂ ಇದೆ ಎಂದುಕೊಂಡರಾಯಿತು. ನನ್ನ ಮಟ್ಟಿಗೆ ಇಬ್ಬರೂ ಸರಿ: ಎತ್ತರದ ದಿಣ್ಣೆಯ ಮೇಲೆ ಕೂತ ಊರಿನ ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ಮಳೆಯೆಲ್ಲ ನಾಲ್ಕಾರು ಹಳ್ಳಗಳಾಗಿ ಬಂದು ಅವಳನ್ನೇ ಸೇರುತ್ತಿತ್ತು. ಮೂಲ ಯಾವುದೇ ಇರಲಿ, ಹೆಸರು ಬಸವನದೇ. ಅದರಲ್ಲಿ ಜಗಳವಿಲ್ಲ.

ಕಾರ್ತಿಕದ ಕೊನೆಯ ಸೋಮವಾರ ಇದೇ ಬಸವನ ಮುಂದೆ ಕಡಲೆಕಾಯಿ ಪರಿಷೆ. ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನಿಗೆ ರೈತರು ಹೊಡೆದರಂತೆ, ಅವನು ಕಲ್ಲಾಗಿ ಕೂತನಂತೆ, ಕೂತಲ್ಲೇ ಬೆಳೆಯುತ್ತಿದ್ದವನನ್ನು ನೆತ್ತಿಗೆ ತ್ರಿಶೂಲ ಬಡಿದು ನಿಲ್ಲಿಸಿದರಂತೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆಯಲ್ಲವೇ ಎಂದು ತಗಾದೆ ತೆಗೆಯುವವರಿದ್ದಾರೆ. ಹುರಿದ ಕಡಲೆಕಾಯಿ ಕೈಯಲ್ಲಿರುವಾಗ ನಾನು ಆ ವಾದಕ್ಕೆ ಇಳಿಯುವುದಿಲ್ಲ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳು ಹೊಲಗದ್ದೆಯ ಹಳ್ಳಿಗಳಾಗಿದ್ದವು ಎಂಬುದಕ್ಕೆ ಕತೆ ಸಾಕ್ಷಿ, ಅಷ್ಟು ಸಾಲದೆ?

ಪರಿಷೆಯ ದಿನವೂ ಬಸವನ ಪಾದದಲ್ಲಿ ಹೂವಿದೆ, ಕುಂಕುಮವಿದೆ, ಕಾಯಿಯಿದೆ, ನೀರೊಂದಿಲ್ಲ. ಫೋಟೊ ತೆಗೆಯುವವನಿಗೆ ಇದೇ ತಲೆನೋವು. ಹೆಸರಿರುವ ಕಡೆ ನದಿ ಕಾಣದು, ನದಿ ಕಾಣುವ ಕಡೆ ಹೆಸರು ಯಾರಿಗೂ ಬೇಡ. ಎರಡೂ ಒಂದೇ ಚೌಕಟ್ಟಿನಲ್ಲಿ ಸ್ವಲ್ಪವಾದರೂ ಸಿಗುವುದು ಮೈಸೂರು ರಸ್ತೆಯ ಗಾಳಿ ಆಂಜನೇಯನ ಬಳಿ. ವೃಷಭಾವತಿ ಮತ್ತು ಪಶ್ಚಿಮವಾಹಿನಿ ಕೂಡುವ ಜಾಗವೆಂದೇ ವ್ಯಾಸರಾಯರು ಅಲ್ಲಿ ಹನುಮನನ್ನು ನಿಲ್ಲಿಸಿದರು ಎಂದು ಐತಿಹ್ಯ. ಇಲ್ಲಿ ಕೈಕಾಲು ತೊಳೆದು ಗುಡಿಗೆ ಹೋಗುತ್ತಿದ್ದೆವು ಎನ್ನುವ ಹಳಬರು ಸಿಗುತ್ತಾರೆ. ಈಗ ಭಕ್ತರು ನದಿಗೆ ಬೆನ್ನು ಹಾಕಿ ನಲ್ಲಿಯಲ್ಲಿ ಕಾಲು ತೊಳೆಯುತ್ತಾರೆ. ಮಳೆ ಜೋರಾದ ವರ್ಷ ನದಿಯೇ ಗುಡಿಯೊಳಕ್ಕೆ ಬಂದದ್ದೂ ಉಂಟು.

ಆ ನಲ್ಲಿಯ ನೀರು ಎಲ್ಲಿಯದು? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಹೊಡೆದು ತಂದ ಕಾವೇರಿ. 1974ರಲ್ಲಿ ಮೊದಲ ಹಂತ ಬಂತು, 2024ರಲ್ಲಿ ಐದನೆಯದು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಬಚ್ಚಲಿಗೆ ಹೋಗುತ್ತದೆಂಬುದು ಎಂಜಿನಿಯರುಗಳ ಮಾಮೂಲಿ ಲೆಕ್ಕ. ಊರಿನ ಪಶ್ಚಿಮ ಭಾಗದ ಬಚ್ಚಲೆಲ್ಲ ವೃಷಭಾವತಿಯ ಪಾಲು. ಮಳೆಗಾಲದಲ್ಲಷ್ಟೇ ಮೈದುಂಬುತ್ತಿದ್ದ ಹಳ್ಳ ಹೀಗಾಗಿ ಮುನ್ನೂರ ಅರವತ್ತೈದು ದಿನವೂ ಹರಿಯುವ ಜೀವನದಿಯಾಯಿತು. ಬೇಸಿಗೆಯಲ್ಲಿ ಎಷ್ಟೋ ನದಿಗಳ ಫೋಟೊದಲ್ಲಿ ಬರಿ ಮರಳು ಬರುತ್ತದೆ, ಇವಳದು ಏಪ್ರಿಲ್‌ನಲ್ಲೂ ಭೋರ್ಗರೆತ. ಬೆಳಿಗ್ಗೆ ಸ್ನಾನದ ಹೊತ್ತು ಕಳೆದ ಮೇಲಂತೂ ಪ್ರವಾಹವೇ. ನಿಜಕ್ಕೂ ಮೂಲದ ಫೋಟೊ ಬೇಕಿದ್ದರೆ ನನ್ನ ಮನೆಯ ಬಚ್ಚಲ ತೂಬನ್ನೇ ತೆಗೆಯಬೇಕು. ತೆಗೆದೆ ಕೂಡ. ಹೆಂಡತಿ ಬಾಗಿಲಲ್ಲಿ ನಿಂತು, “ಹಾಗೇ ಉಜ್ಜಿಬಿಡಿ” ಎಂದಳು.

ಕೆಂಗೇರಿಯ ಮುಂದೆ ಬಿಡದಿ ಬಳಿಯ ಬೈರಮಂಗಲ ಕೆರೆ. ಗಾಳಿ ಬಂದಾಗ ನೊರೆ ಹಾರುತ್ತದೆ, ಕೆರೆಯ ಕೆಳಗೆ ಹಿಪ್ಪುನೇರಳೆ, ತೆಂಗು, ಮೇವಿನ ಹುಲ್ಲು, ನಮ್ಮ ಹೋಟೆಲುಗಳ ಮಂಚೂರಿಗೆ ಬೇಕಾದ ಬೇಬಿ ಕಾರ್ನ್. ಊರು ಬಿಟ್ಟದ್ದು ಊರಿಗೇ ತಟ್ಟೆಯಲ್ಲಿ ವಾಪಸ್. ಅಲ್ಲಿಂದ ಕನಕಪುರದ ಕಡೆಗೆ ಸುವರ್ಣಮುಖಿಯ ಜತೆ ಸೇರಿ, ಅರ್ಕಾವತಿಯಾಗಿ, ಮೇಕೆದಾಟಿಗೆ ಮುಂಚಿನ ಸಂಗಮದಲ್ಲಿ ಮತ್ತೆ ಕಾವೇರಿ.

ಸಂಗಮಕ್ಕೂ ಕ್ಯಾಮೆರಾ ಹೊತ್ತು ಹೋಗಿದ್ದೆ. ಬೆಂಗಳೂರಿನಿಂದ ಬಂದ ಸಂಸಾರಗಳು ಮಕ್ಕಳುಮರಿಯ ಸಮೇತ ನೀರಿಗಿಳಿದು, ಮೂಗು ಹಿಡಿದು ಮುಳುಗು ಹಾಕುತ್ತಿದ್ದವು. ಅರ್ಕಾವತಿ ಬಂದು ಸೇರುವ ಕಡೆಗೆ ನಾನು ಲೆನ್ಸ್ ತಿರುಗಿಸಿದ್ದನ್ನು ನೋಡಿ, ತೆಪ್ಪದವನು ಯಾವೂರು ಎಂದು ಕೇಳಿದ. ಬಸವನಗುಡಿ ಪಕ್ಕ ಎಂದೆ. “ಹಂಗಾದ್ರೆ ನಿಮ್ದೇ ನೀರು ಬಿಡಿ ಸಾರ್, ಎಷ್ಟು ಬೇಕಾದ್ರೂ ತೆಕ್ಕಳಿ” ಎಂದ. ತೆಪ್ಪಕ್ಕೆ ಮಾತ್ರ ಪೂರ್ತಿ ದುಡ್ಡು ತೆಗೆದುಕೊಂಡ.