ಶಿಬಿರಕ್ಕೆ ಹಣವಿದೆ, ಕೇಂದ್ರದಲ್ಲಿ ದಿನವೂ ಕೂರುವವರಿಗೆ ಇಲ್ಲ

ನಿನ್ನೆ ನಮ್ಮ ಕಾನೂನು ನೆರವು ಕೇಂದ್ರದ ವಾರ್ಷಿಕ ಸಭೆ ನಡೆಯಿತು. ಅಲ್ಲಿ ಕೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ದೇಣಿಗೆ ನೀಡುವ ಸಂಸ್ಥೆಯೊಂದರಿಂದ ಬಂದಿದ್ದ ಹಿರಿಯರು ವರ್ಷದ ವರದಿಯನ್ನು ಕೊನೆಯ ಪುಟದವರೆಗೆ ತಿರುವಿ ಹಾಕಿ, "ಫಲಾನುಭವಿಗಳ ಸಂಖ್ಯೆ ಬಹಳ ಕಡಿಮೆ ಇದೆಯಲ್ಲ ಮೇಡಂ, ಎರಡು ದೊಡ್ಡ ಅರಿವು ಶಿಬಿರ ಮಾಡಿದ್ದರೆ ಇದರ ಹತ್ತು ಪಟ್ಟು ಜನ ಸಿಗುತ್ತಿದ್ದರು" ಎಂದರು. ಶಿಬಿರಕ್ಕಾದರೆ ಪೆಂಡಾಲು, ಊಟ, ಕರಪತ್ರ ಎಲ್ಲದಕ್ಕೂ ಅನುದಾನ ಕೊಡಲು ಅವರು ಸಿದ್ಧರಿದ್ದಾರೆ. ಕೇಂದ್ರದ ಬಾಡಿಗೆಗೆ ಮತ್ತು ಸಂಯೋಜಕಿಯ ಸಂಬಳಕ್ಕೆ ಮಾತ್ರ ಅವರಲ್ಲಿ ಬಾಬ್ತಿಲ್ಲ. ಅವರು ಕೆಟ್ಟವರಲ್ಲ, ಮಾತೂ ಸೌಜನ್ಯದಿಂದಲೇ ಇತ್ತು. ಆದರೆ ಇದೇ ಮಾತನ್ನು ಬೇರೆ ಬೇರೆ ಮುಖಗಳಿಂದ ವರ್ಷಗಟ್ಟಲೆ ಕೇಳಿಸಿಕೊಂಡ ನನಗೆ ನಿನ್ನೆ ತಾಳ್ಮೆ ಉಳಿದಿರಲಿಲ್ಲ.

ನಾನು ಈ ಕೇಂದ್ರಕ್ಕೆ ಹೇಗೆ ಬಂದೆ, ವಕೀಲಿಕೆಯ ಜೊತೆಗೆ ಇದನ್ನು ಏಕೆ ಹಚ್ಚಿಕೊಂಡೆ ಎನ್ನುವುದು ಇಲ್ಲಿರುವ ಬಹುತೇಕ ಗೆಳೆಯರಿಗೆ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಆ ವರದಿಯಲ್ಲಿ "ಜೀವನಾಂಶ ಪ್ರಕರಣ" ಎಂಬ ಒಂದೇ ಸಾಲಿನ ಹಿಂದೆ ಏನೇನು ಇರುತ್ತದೆ ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕೆನಿಸಿದೆ.

ಗಂಡ ಬಿಟ್ಟುಹೋದ ಹೆಣ್ಣುಮಗಳೊಬ್ಬಳು ಕೇಂದ್ರದ ಬಾಗಿಲಿಗೆ ಬರುತ್ತಾಳೆ. ಮೊದಲ ದಿನ ಆಕೆ ಜೀವನಾಂಶದ ಮಾತೇ ಎತ್ತುವುದಿಲ್ಲ, ರೇಷನ್ ಕಾರ್ಡಿನಿಂದ ಹೆಸರು ಬೇರ್ಪಡಿಸಿಕೊಡಿ ಎಂದು ಕೇಳುತ್ತಾಳೆ. ಎರಡನೆಯ ಸಲವೋ ಮೂರನೆಯ ಸಲವೋ ಬಂದಾಗ ನಿಜವಾದ ಕಥೆ ಹೊರಬರುತ್ತದೆ. ಅಲ್ಲಿಂದ ಮದುವೆಯ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ಗಂಡನ ಈಗಿನ ವಿಳಾಸ ಎಲ್ಲವನ್ನೂ ಹುಡುಕಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಅದರಡಿ ಅರ್ಜಿ ಹಾಕುತ್ತೇವೆ. ನೋಟಿಸ್ ಜಾರಿಯಾದ ದಿನದಿಂದ ಸಾಧ್ಯವಾದಷ್ಟು 60 ದಿನಗಳೊಳಗೆ ಮಧ್ಯಂತರ ಜೀವನಾಂಶದ ಅರ್ಜಿ ತೀರ್ಮಾನವಾಗಬೇಕೆಂದು ಕಾನೂನು ಹೇಳುತ್ತದೆ, ಆದರೆ ಆ ನೋಟಿಸ್ ಜಾರಿಯಾಗುವುದೇ ದೊಡ್ಡ ಹೋರಾಟ. ವಿಳಾಸದಲ್ಲಿಲ್ಲ ಎಂಬ ಷರಾದೊಂದಿಗೆ ಲಕೋಟೆ ಮರಳಿ ಬರುತ್ತದೆ, ಮತ್ತೊಂದು ತಾರೀಖು ಬೀಳುತ್ತದೆ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಅಫಿಡವಿಟ್ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕಕ್ಕೆ ಬರಬೇಕು ಎಂದು ಹೇಳಿತು. ಒಳ್ಳೆಯ ತೀರ್ಪು. ಆದರೆ ಆ ಅಫಿಡವಿಟ್‌ನ ಹತ್ತಾರು ಕಾಲಂಗಳನ್ನು ಓದು ಬಾರದ ಹೆಣ್ಣುಮಗಳ ಪಕ್ಕದಲ್ಲಿ ಕುಳಿತು ತುಂಬಿಸುವವರು ಯಾರು?

ಆದೇಶ ಬಂತು ಎಂದಿಟ್ಟುಕೊಳ್ಳಿ. ಬಹಳಷ್ಟು ಗಂಡಂದಿರು ಎರಡು ತಿಂಗಳು ಕಟ್ಟಿ ನಿಲ್ಲಿಸುತ್ತಾರೆ. ಆಗ ವಸೂಲಿಗೆ ಅರ್ಜಿ ಹಾಕಬೇಕು, ಅದಕ್ಕೊಂದು ಗಡುವಿದೆ: ಬಾಕಿ ಬಂದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಬಾಕಿಗೆ ವಾರಂಟ್ ಹೊರಡುವಂತಿಲ್ಲ. ನ್ಯಾಯಾಲಯ ಬರೆದುಕೊಟ್ಟ ಹಣ ಗಡುವು ಮೀರಿತೆಂಬ ಒಂದೇ ಕಾರಣಕ್ಕೆ ಕೈತಪ್ಪಿಹೋದ ಮನೆಗಳನ್ನು ನಾನು ನೋಡಿದ್ದೇನೆ. ನಮ್ಮ ಕೇಂದ್ರದಲ್ಲಿ ಹಾಗಾಗದಿರುವುದಕ್ಕೆ ಕಾರಣ ನಾನಲ್ಲ. ಯಾರ ಯಾರ ಬಾಕಿ ಯಾವ ತಿಂಗಳಿಗೆ ವರ್ಷ ತುಂಬುತ್ತದೆ ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ತಾರೀಖು ಹತ್ತಿರ ಬಂದಾಗ ಫೋನು ಮಾಡಿ ಕರೆಸುವ ನಮ್ಮ ಸಂಯೋಜಕಿ ಅದಕ್ಕೆ ಕಾರಣ. ಇಷ್ಟೆಲ್ಲ ಸೇರಿ ವರದಿಯಲ್ಲಿ "ಫಲಾನುಭವಿಗಳು" ಎಂಬ ಕಾಲಂನಲ್ಲಿ ಬರುವುದು ಒಂದೇ ಒಂದು ಅಂಕಿ. ಶಿಬಿರದಲ್ಲಿ ಅರ್ಧ ಗಂಟೆ ಕುಳಿತು ಊಟ ಮಾಡಿ ಹೋದವರದ್ದೂ ಅದೇ ಕಾಲಂನಲ್ಲಿ ಒಂದು ಅಂಕಿ.

ಜಮೀನಿನ ಪ್ರಕರಣಗಳಲ್ಲಿ ಇದು ಇನ್ನೂ ಉದ್ದ. ಪರಿಶಿಷ್ಟ ಜಾತಿ ಮತ್ತು ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಪರರ ಪಾಲಾಗುವುದನ್ನು ತಡೆಯಲು ಕರ್ನಾಟಕ 1978ರಲ್ಲಿ ಪಿಟಿಸಿಎಲ್ (ಕೆಲವು ಜಮೀನುಗಳ ವರ್ಗಾವಣೆ ನಿಷೇಧ) ಕಾಯ್ದೆ ತಂದಿತು. ಕಾಯ್ದೆಯಲ್ಲಿ ಕಾಲಮಿತಿ ಇಲ್ಲದಿದ್ದರೂ ಭೂಮಿ ವಾಪಸ್ಸು ಕೋರಿ ಸಮಂಜಸ ಅವಧಿಯಲ್ಲಿ ಅರ್ಜಿ ಹಾಕಬೇಕಿತ್ತು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಷ್ಟೋ ಅರ್ಜಿಗಳು ವಿಳಂಬದ ಕಾರಣಕ್ಕೆ ಬಿದ್ದುಹೋದವು. 2023ರಲ್ಲಿ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಅನ್ವಯಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ಸರಿ, ಬಾಗಿಲು ತೆರೆಯಿತು. ಆದರೆ ಒಳಗೆ ಹೋಗಲು ಸಾಗುವಳಿ ಚೀಟಿ ಬೇಕು, ಮಂಜೂರಾತಿ ಕಡತದ ನಕಲು ಬೇಕು, ಹಳೆಯ ಪಹಣಿ ಬೇಕು, ವಂಶವೃಕ್ಷ ಬೇಕು. ಉಪವಿಭಾಗಾಧಿಕಾರಿಯ ಮುಂದೆ ಗೆದ್ದರೆ ಎದುರಿನವರು ಜಿಲ್ಲಾಧಿಕಾರಿಗೆ ಮೇಲ್ಮನವಿ ಹೋಗುತ್ತಾರೆ, ಅಲ್ಲಿಂದ ಹೈಕೋರ್ಟಿಗೆ. ರೆಕಾರ್ಡ್ ರೂಮಿನಲ್ಲಿ ಕಡತ ಸಿಗುತ್ತಿಲ್ಲ ಎಂಬ ಹಿಂಬರಹ ಪಡೆಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ, ಕೂಲಿ ಬಿಟ್ಟು ಅಷ್ಟು ಸಲ ತಾಲ್ಲೂಕು ಕಚೇರಿಗೆ ಅಲೆಯಲು ಆ ಕುಟುಂಬಕ್ಕೆ ಆಗುವುದಿಲ್ಲ. ಅಲೆಯುವವರು ಕೇಂದ್ರದವರು. ಆ ಬಸ್ ಚಾರ್ಜಿಗೂ ಯಾರ ಬಜೆಟ್ಟಿನಲ್ಲೂ ಬಾಬ್ತಿಲ್ಲ.

ಸಭೆಯಲ್ಲಿ ಇನ್ನೊಬ್ಬರು ಕೇಳಿದರು: "ಸರ್ಕಾರದ್ದೇ ಉಚಿತ ಕಾನೂನು ನೆರವು ಇದೆಯಲ್ಲ, ನಿಮ್ಮ ಕೇಂದ್ರ ಏಕೆ?" ನ್ಯಾಯವಾದ ಪ್ರಶ್ನೆಯೇ. ಉಚಿತ ಕಾನೂನು ನೆರವು ಕೊಡಬೇಕೆನ್ನುವ, ಸಂವಿಧಾನಕ್ಕೆ 1976ರ 42ನೇ ತಿದ್ದುಪಡಿ ಸೇರಿಸಿದ 39ಎ ವಿಧಿ ಇದೆ. 1987ರಲ್ಲಿ ಅಂಗೀಕಾರವಾಗಿ 1995ರ ನವೆಂಬರ್ 9ರಂದು ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. ಅದರ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ತಾಲ್ಲೂಕು ಸಮಿತಿಯವರೆಗೆ ವ್ಯವಸ್ಥೆಯಿದೆ, 15100 ಎಂಬ ಸಹಾಯವಾಣಿಯಿದೆ, 2022ರ ಯೋಜನೆಯಿಂದ ಬಡ ಆರೋಪಿಗಳಿಗೆ ಪೂರ್ಣಾವಧಿ ವಕೀಲರೂ ಬಂದಿದ್ದಾರೆ. ನಾವು ಈ ವ್ಯವಸ್ಥೆಯ ವಿರುದ್ಧ ನಿಂತವರಲ್ಲ, ನಮ್ಮಲ್ಲಿಗೆ ಬಂದ ಎಷ್ಟೋ ಅರ್ಜಿಗಳನ್ನು ತಾಲ್ಲೂಕು ಸಮಿತಿಗೇ ಕಳಿಸಿ ವಕೀಲರನ್ನು ಪಡೆದಿದ್ದೇವೆ. ಆದರೆ ಸಮಿತಿಯ ಪಟ್ಟಿಯಲ್ಲಿರುವ ಪ್ಯಾನಲ್ ವಕೀಲರ ಕೆಲಸ ನ್ಯಾಯಾಲಯದ ಒಳಗಿನದು. ಹೆಣ್ಣುಮಗಳು ರೇಷನ್ ಕಾರ್ಡಿನ ನೆಪದಿಂದ ಶುರುಮಾಡಿ ಗಂಡನ ಹೊಡೆತದ ಮಾತಿಗೆ ಬರುವವರೆಗೆ ಕಾದು ಕೂರುವುದು ಅವರಿಗೆ ಸಿಗುವ ಅಲ್ಪ ಶುಲ್ಕದಲ್ಲಿ ಸೇರಿಲ್ಲ. ಅದಕ್ಕೆಂದೇ ಇದ್ದ, ವಕೀಲರಲ್ಲದ ಆದರೆ ತರಬೇತಿ ಪಡೆದ ಅರೆ ಕಾನೂನು ಸ್ವಯಂಸೇವಕರ ಸಂಖ್ಯೆ ದೇಶದಾದ್ಯಂತ ಕುಸಿದಿದೆ ಎಂದು ರಾಜ್ಯಗಳ ನ್ಯಾಯ ವ್ಯವಸ್ಥೆಯನ್ನು ಅಳೆಯುವ 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ದಾಖಲಿಸಿದೆ. ದೇಶದಲ್ಲಿ ಕಾನೂನು ನೆರವಿಗೆ ವರ್ಷಕ್ಕೆ ತಲಾ ಖರ್ಚಾಗುತ್ತಿರುವುದು 6 ರೂಪಾಯಿ ಚಿಲ್ಲರೆ ಎಂಬುದೂ ಅದೇ ವರದಿಯಲ್ಲಿದೆ. ಆ 6 ರೂಪಾಯಿಯನ್ನು ತೋರಿಸಿ, ಸರ್ಕಾರ ಎಲ್ಲವನ್ನೂ ಮಾಡುತ್ತಿದೆ, ನೀವು ಮನೆಗೆ ಹೋಗಿ ಎಂದು ನಮಗೆ ಹೇಳುವುದನ್ನು ನಾನು ಒಪ್ಪಲಾರೆ.

ಹಣದ ಕೊರತೆ ಎಂಬ ಉತ್ತರವನ್ನು ಈ ದೇಶದ ಅತ್ಯುನ್ನತ ನ್ಯಾಯಾಲಯ ಎಂದೋ ತಳ್ಳಿಹಾಕಿದೆ. ಶಿಕ್ಷೆಯಾಗಿದ್ದರೆ ಅನುಭವಿಸಬೇಕಿದ್ದ ಅವಧಿಗಿಂತ ಹೆಚ್ಚು ಕಾಲ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಪರವಾಗಿ ಬಂದ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ಉಚಿತ ಕಾನೂನು ಸೇವೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯ ಭಾಗ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ 1979ರಲ್ಲಿ ಹೇಳಿತು. ಮುಂದೆ ಭಾಗಲ್ಪುರದಲ್ಲಿ ಪೊಲೀಸರ ಕೈಯಲ್ಲಿ ಕಣ್ಣು ಕಳೆದುಕೊಂಡವರ ಖತ್ರಿ ಪ್ರಕರಣದಲ್ಲಿ, ಬೊಕ್ಕಸದಲ್ಲಿ ಹಣವಿಲ್ಲ ಎಂಬ ಕಾರಣ ಕೊಟ್ಟು ರಾಜ್ಯ ಸರ್ಕಾರ ಬಡ ಆರೋಪಿಗೆ ವಕೀಲರನ್ನು ನಿರಾಕರಿಸುವಂತಿಲ್ಲ ಎಂದೂ ಹೇಳಿತು. ಆ ತೀರ್ಪುಗಳು ಬಂದು ನಾಲ್ಕು ದಶಕ ದಾಟಿದೆ. ಇಂದಿಗೂ ಪ್ರತಿ ಮಾರ್ಚ್‌ನಲ್ಲಿ ನಾವು ಮುಂದಿನ ಏಪ್ರಿಲ್‌ಗೆ ಕೇಂದ್ರ ತೆರೆದಿರುತ್ತದೆಯೇ ಎಂದು ಲೆಕ್ಕ ಹಾಕುತ್ತೇವೆ.

ಖಾಸಗಿ ಹಣದ ಕಥೆ ಬೇರೆಯಾಗಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆನ್ನುತ್ತದೆ. ಆ ಹಣವನ್ನು ಯಾವುದಕ್ಕೆ ಬಳಸಬಹುದೆಂದು ಪಟ್ಟಿ ಮಾಡುವ ಕಾಯ್ದೆಯ 7ನೇ ಅನುಸೂಚಿಯಲ್ಲಿ ಶಿಕ್ಷಣ, ಆರೋಗ್ಯ, ಪರಿಸರ, ಕ್ರೀಡೆ ಎಲ್ಲವೂ ಹೆಸರಿನ ಸಮೇತ ಇವೆ, ಕಾನೂನು ನೆರವಿನ ಹೆಸರಿಲ್ಲ. ಲಿಂಗ ಸಮಾನತೆ, ಹಿಂದುಳಿದವರ ಅಸಮಾನತೆ ತಗ್ಗಿಸುವುದು ಎಂಬ ಬಾಬ್ತುಗಳಡಿ ಅದನ್ನು ಸೇರಿಸಲು ಅವಕಾಶವಿದೆ, ಮನಸ್ಸಿರುವವರು ಸೇರಿಸುತ್ತಾರೆ ಕೂಡ. ಆದರೆ ಮೊಕದ್ದಮೆ ಎಂಬ ಶಬ್ದ ಕೇಳಿದರೇ ಹೆಚ್ಚಿನವರು ಹಿಂದೆ ಸರಿಯುತ್ತಾರೆ. ಶಾಲೆಗೆ ಬೆಂಚು ಕೊಟ್ಟರೆ ಫೋಟೋ ಬರುತ್ತದೆ, ಜಮೀನು ವಾಪಸ್ಸು ಕೊಡಿಸಿದರೆ ಊರಿನ ಬಲಿಷ್ಠರ ವಿರೋಧ ಬರುತ್ತದೆ.

ನಮ್ಮಂಥ ಸಣ್ಣ ಕೇಂದ್ರಗಳು ಹಿಂದೆ ದೊಡ್ಡ ಸಂಸ್ಥೆಗಳ ಮೂಲಕ ಒಂದಿಷ್ಟು ನೆರವು ಪಡೆಯುತ್ತಿದ್ದವು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ, ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ದುರುಪಯೋಗ ತಡೆಯಲು ಎಂದು ಕಾರಣ ಕೊಟ್ಟರು. ದುರುಪಯೋಗ ಮಾಡಿದವರ ಮೇಲೆ ಕ್ರಮವಾಗಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ನಿಯಮಗಳ ಪ್ರಕಾರ ಬಾಡಿಗೆ, ವರದಿ ತಯಾರಿಸುವ ಖರ್ಚು, ಕಾನೂನು ಮತ್ತು ವೃತ್ತಿಪರ ಶುಲ್ಕ ಇವೆಲ್ಲವೂ ಆಡಳಿತ ವೆಚ್ಚದ ಲೆಕ್ಕಕ್ಕೆ ಬರುತ್ತವೆ. ಕಾನೂನಿನ ಕೆಲಸವನ್ನೇ ಮಾಡುವ ಕೇಂದ್ರಕ್ಕೆ ಒಂದು ಕೋಣೆ ಮತ್ತು ಒಬ್ಬ ವಕೀಲರಲ್ಲದೆ ಬೇರೆ ಯಾವ ದೊಡ್ಡ ಖರ್ಚಿರುತ್ತದೆ? ರೋಗಿಗಳನ್ನು ಕರೆತರಲು ಆಂಬುಲೆನ್ಸ್ ಕೊಟ್ಟು ಆಸ್ಪತ್ರೆಗೆ ನರ್ಸ್ ಬೇಡ ಎಂದಂತೆ ಇದು.

ಅರಿವು ಮೂಡಿಸುವುದೂ ಮುಖ್ಯವಲ್ಲವೇ ಎಂದು ಕೆಲವರು ಕೇಳುತ್ತೀರಿ. ಮುಖ್ಯವೇ, ಒಪ್ಪುತ್ತೇನೆ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲವೆಂಬ ಒಂದೇ ಸಂಗತಿ ಎಲ್ಲ ಊರುಗಳಿಗೂ ತಿಳಿದರೆ ದೊಡ್ಡ ಉಪಕಾರ. ಆದರೆ ಹಕ್ಕು ಇದೆಯೆಂದು ತಿಳಿದ ಹೆಣ್ಣುಮಗಳು ಮರುದಿನ ಯಾರ ಬಳಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಮಾಡುವ ಶಿಬಿರ ಆಕೆಯನ್ನು ಇನ್ನಷ್ಟು ಒಂಟಿ ಮಾಡುತ್ತದೆ. ಶಿಬಿರದಲ್ಲಿ ಕೇಳಿದ್ದನ್ನು ನಂಬಿ ಗಂಡನ ಮೇಲೆ ದೂರು ಕೊಟ್ಟು, ಸಂಜೆ ಅದೇ ಮನೆಗೆ ಮರಳಬೇಕಾದವಳು ಆಕೆ. ಭಾಷಣ ಮಾಡಿದವರು ಅಷ್ಟು ಹೊತ್ತಿಗೆ ಜಿಲ್ಲಾ ಕೇಂದ್ರ ಸೇರಿಕೊಂಡಿರುತ್ತಾರೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇದನ್ನು ಸಭೆಯಲ್ಲಿ ಹೇಳಲಾಗಲಿಲ್ಲ. ನಿನ್ನೆ ಆ ಹಿರಿಯರು ಶಿಬಿರದ ಅನುದಾನದ ಮೊತ್ತ ಹೇಳಿದಾಗ ನನ್ನ ಮನಸ್ಸು ಒಂದು ಗಳಿಗೆ ಆಸೆಪಟ್ಟಿತು. ಒಪ್ಪಿಕೊಂಡರೆ ಕೇಂದ್ರದ ಹೆಸರಾದರೂ ಉಳಿಯುತ್ತದೆ ಎನಿಸಿತು. ಎದುರಿನ ಸಾಲಿನಲ್ಲಿ ಕುಳಿತಿದ್ದ ಸಂಯೋಜಕಿಗೆ ಹಲವು ತಿಂಗಳುಗಳಿಂದ ಪೂರ್ತಿ ಸಂಬಳ ಕೊಡಲು ನಮಗೆ ಆಗಿಲ್ಲ, ಆಕೆ ಒಂದು ದಿನವೂ ಅದನ್ನು ಎತ್ತಿ ಆಡಿಲ್ಲ. ಆಕೆಗೂ ಮಕ್ಕಳಿದ್ದಾರೆ, ಶಾಲೆಯ ಫೀಸು ಇದೆ. ಬೇರೆಯವರ ಜೀವನಾಂಶದ ಗಡುವು ಬರೆದಿಡುವ ಹೆಣ್ಣುಮಗಳಿಗೆ ಅವಳ ಕೂಲಿಯನ್ನು ಸಕಾಲಕ್ಕೆ ಕೊಡಲಾಗದ ಸ್ಥಿತಿ ನನ್ನನ್ನು ಹಗಲೂ ರಾತ್ರಿ ಕೊರೆಯುತ್ತದೆ. ನನ್ನ ಸಿಟ್ಟಿನ ಮೂಲ ಅದೇ.

ಶಿಬಿರದ ಅನುದಾನ ಬೇಡವೆಂದು ಆಡಳಿತ ಮಂಡಳಿ ಇಂದು ಬೆಳಿಗ್ಗೆ ತೀರ್ಮಾನಿಸಿತು. ಅದೇ ಸಂಸ್ಥೆಗೆ, ಒಬ್ಬ ಸಂಯೋಜಕಿಯ ಮೂರು ವರ್ಷದ ಸಂಬಳ ಮತ್ತು ಬಾಡಿಗೆಗೆ ಮಾತ್ರ ಕೋರಿ ಹೊಸ ಅರ್ಜಿ ಕಳಿಸುತ್ತಿದ್ದೇವೆ. ಅದು ಒಪ್ಪಿಗೆಯಾಗುವವರೆಗೆ ಕೇಂದ್ರ ವಾರದಲ್ಲಿ ಮೂರು ದಿನ ತೆರೆದಿರುತ್ತದೆ. ತಿಂಗಳಿಗೆ ಒಂದು ಸಣ್ಣ ಮೊತ್ತವನ್ನು ಸಂಬಳದ ಬಾಬ್ತಿಗೇ ಎಂದು ಕೊಡಬಲ್ಲವರು, ಮತ್ತು ಪಿಟಿಸಿಎಲ್ ಮೇಲ್ಮನವಿಗಳ ಕರಡು ನೋಡಿಕೊಡಬಲ್ಲ ವಕೀಲ ಗೆಳೆಯರು ನನಗೆ ಸಂದೇಶ ಕಳಿಸಿ. ವರ್ಷದ ವರದಿಯನ್ನೂ ಖರ್ಚಿನ ಪೂರ್ತಿ ಲೆಕ್ಕವನ್ನೂ ಕಳಿಸಿಕೊಡುತ್ತೇನೆ.